ಸಂತೆ ದಿನದ ಕ್ಲಿನಿಕ್ಕು

ಕೈಯಲ್ಲಿ ಸಂತೆಚೀಲ ಇಲ್ಲದೆ ಬಂದ ರೋಗಿಯನ್ನು ನಾನು ಸಿದ್ದಾಪುರದ ಆ ಕ್ಲಿನಿಕ್ಕಿನಲ್ಲಿ ನೋಡಿದ್ದೇ ಕಡಿಮೆ. ಆಸ್ಪತ್ರೆಯ ಹಿಂಬದಿಯಲ್ಲಿ, ಕಣ್ಣಿನ ವಿಭಾಗ ದಾಟಿದ ಮೇಲೆ, ಒಂದು ಉದ್ದನೆಯ ಕೋಣೆ. ತಿಂಗಳಿಗೊಮ್ಮೆ, ಸಂತೆಯ ದಿನ, ಅಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ಕು ನಡೆಯುತ್ತಿತ್ತು. ಬೆಂಚಿನ ಕೆಳಗೆ ಚೀಲಗಳ ಸಾಲು. ಒಂದರಲ್ಲಿ ಈರುಳ್ಳಿ, ಒಂದರಲ್ಲಿ ಒಣಮೀನು, ಇನ್ನೊಂದರಲ್ಲಿ ಮಗಳ ಬಳೆ. ಒಣಮೆಣಸಿನ ಘಾಟಿಗೆ ನಮ್ಮ ಡಾಕ್ಟರು ಸೀನಿ ಸೀನಿ, "ಸಿಸ್ಟರ್, ಇದು ಆಸ್ಪತ್ರೆಯೋ ಕಿರಾಣಿ ಅಂಗಡಿಯೋ?" ಎಂದು ರೇಗಿಸುತ್ತಿದ್ದರು. ಆ ಘಾಟು ಎಲ್ಲಾದರೂ ಮೂಗಿಗೆ ಬಡಿದರೆ ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ.

ನಾನು ಹಾನಗಲ್ ಕಡೆಯವಳು. ಮನೋರೋಗದ ಶುಶ್ರೂಷೆಯಲ್ಲಿ ತರಬೇತಿಯಾದ ನರ್ಸು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ತಾಲೂಕಿಗೆ ಸೇರಿ ಒಬ್ಬರೇ ಮನೋವೈದ್ಯರು, ಅವರ ಜೊತೆಗೆ ನಾನೊಬ್ಬಳು. ಅವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ನನ್ನ "ಬರ್ರಿ, ಕುಂದರ್ರಿ, ಯಾಕ್ ಗುಳಿಗಿ ಬಿಟ್ಟೀರಿ?" ಕೇಳಿ ಮೊದಮೊದಲು ಇಲ್ಲಿಯ ಹೆಂಗಸರು ಬೆದರುತ್ತಿದ್ದರು. "ಈ ಸಿಸ್ಟರು ಬೈತ್ರೋ ಮಾತಾಡ್ತ್ರೋ ಗೊತ್ತಾಗೂದೇ ಇಲ್ಲ" ಎಂದು ಒಬ್ಬಾಕೆ ಡಾಕ್ಟರ ಹತ್ತಿರ ದೂರು ಕೊಟ್ಟಿದ್ದಳು. ನಿಜ ಹೇಳಬೇಕೆಂದರೆ ಎರಡನ್ನೂ ಮಾಡುತ್ತಿದ್ದೆ.

ಮೂರು ಊರಿಗೆ ಬಸ್ಸಿನಲ್ಲೇ ಓಡಾಟ. ಡಾಕ್ಟರು ಕಿಟಕಿ ಪಕ್ಕ ಕೂತು ಶಿರಸಿಯಿಂದ ಮಂಚಿಕೇರಿ ಬರುವವರೆಗೆ ನಿದ್ದೆ ಮಾಡುವರು, ಆಮೇಲೆ ಎದ್ದು ಯಲ್ಲಾಪುರದವರೆಗೆ ನನಗೆ ಪಾಠ ಹೇಳುವರು. ಯಾವ ಮಾತ್ರೆಗೆ ಕೈ ನಡುಗುತ್ತದೆ, ಯಾವುದಕ್ಕೆ ನಾಲಗೆ ಒಣಗುತ್ತದೆ, ಬಾಣಂತಿಗೆ ಯಾವುದು ಕೊಡಬಾರದು. ಕಾಲೇಜಿನಲ್ಲಿ ಕಲಿಯದ್ದನ್ನು ನಾನು ಆ ಕೆಂಪು ಬಸ್ಸಿನಲ್ಲಿ ಕಲಿತೆ. ಮಧ್ಯಾಹ್ನ ರೋಗಿಗಳು ತಂದುಕೊಟ್ಟ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. "ಲಂಚ ತಿಂದ್ವಿ ನೋಡ್ರಿ ಸರ" ಎಂದರೆ, "ರುಜುವಾತು ಉಳಿಸಬೇಡ, ಇನ್ನೊಂದು ತಿನ್ನು" ಎನ್ನುವರು. ಎಷ್ಟು ಒಳ್ಳೆಯ ದಿನಗಳು ಅವು! ಇದ್ದಾಗ ನನಗೆ ಸೊಂಟನೋವು ಮಾತ್ರ ಗೊತ್ತಾಗುತ್ತಿತ್ತು.

ನನ್ನ ಹತ್ತಿರ ಎರಡು ರಿಜಿಸ್ಟರು. ಮಾತ್ರೆಯವರದು ಒಂದು, ನಾಲ್ಕು ವಾರದ ಸೂಜಿಯವರದು ಇನ್ನೊಂದು. ಈ ಸೂಜಿಮದ್ದು ಎಳ್ಳೆಣ್ಣೆಯಲ್ಲಿ ಕರಗಿಸಿದ್ದು. ಮಂದ ಇರುತ್ತದೆ, ಹಾಗಾಗಿ ದಪ್ಪ ಸೂಜಿ ಬೇಕು, ಸಿರಿಂಜಿನಲ್ಲಿ ಒಂದು ಹನಿ ನೀರೂ ಇರಬಾರದು. ಸೊಂಟದ ಕೆಳಗಿನ ಸ್ನಾಯುವಿಗೆ ನಿಧಾನವಾಗಿ ಒತ್ತಬೇಕು, ಹಾಕಿದ ಮೇಲೆ ಉಜ್ಜಬಾರದು. ಒಂದು ತಿಂಗಳು ಎಡಕ್ಕೆ, ಮರುತಿಂಗಳು ಬಲಕ್ಕೆ. ಔಷಧ ತಿಂಗಳಿಡೀ ಮೈಯೊಳಗೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ದಿನಾ ಮಾತ್ರೆ ನುಂಗುವ ರಗಳೆ ಇಲ್ಲ, ಮನೆಯಲ್ಲಿ ಮಾತ್ರೆಯ ಡಬ್ಬಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಸೂಜಿ ರಿಜಿಸ್ಟರಿನಲ್ಲಿ ಇದ್ದವಳು ಬಿಸಿಯೂಟದ ಅಕ್ಕ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಆದರೂ ಹೆಸರು ಬೇಡ. ಊರು ಕಾನಸೂರಿನ ಆಚೀಚೆ ಎಂದಿಟ್ಟುಕೊಳ್ಳಿ. ಗಂಡ ತೀರಿಹೋಗಿದ್ದ, ಮನೆಯಲ್ಲಿ ಅತ್ತೆ ಮತ್ತು ಅವಳು. ಹಿಂದೊಮ್ಮೆ, ಗಂಡನ ಜೊತೆ ಬೇರೆ ಊರಿನಲ್ಲಿದ್ದಾಗ, ಕಾಯಿಲೆ ಜೋರಾಗಿ, ಗೋಡೆಯೊಳಗಿಂದ ಯಾರೋ ಬೈಯುತ್ತಾರೆ ಎಂದು ಮನೆ ಬಿಟ್ಟು ಓಡಿದವಳು, ಏಳು ವರ್ಷದಿಂದ ಒಂದು ಸೂಜಿಯನ್ನೂ ತಪ್ಪಿಸದೆ ಗಟ್ಟಿಯಾಗಿದ್ದಳು. ಊರ ಶಾಲೆಯಲ್ಲಿ ಮಕ್ಕಳಿಗೆ ಅನ್ನ, ಸಾಂಬಾರು ಬೇಯಿಸುತ್ತಿದ್ದಳು. ಸಂತೆ ದಿನ ಶಾಲೆಯ ಅಡುಗೆಗೆ ತರಕಾರಿ ತರುವ ಕೆಲಸವೂ ಅವಳದೇ. ಅವತ್ತು ಸಹಾಯಕಿ ಅಡುಗೆ ನೋಡಿಕೊಂಡರೆ ಇವಳು ಸಿದ್ದಾಪುರಕ್ಕೆ ಬಂದು, ಸೂಜಿ ಹಾಕಿಸಿಕೊಂಡು, ಸೌತೆಕಾಯಿ ಹೊತ್ತುಕೊಂಡು ವಾಪಸು ಹೋಗುವಳು. ಅವಳ ಕಾಯಿಲೆ ಗೊತ್ತಿದ್ದದ್ದು ಅತ್ತೆಗೆ ಮತ್ತು ನಮಗೆ ಮಾತ್ರ.

ಹೀಗಿರುವಾಗ ದೊಡ್ಡ ಡಾಕ್ಟರಿಗೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋಗುವಾಗ ಅವರ ಮುಖ ಸಣ್ಣದಾಗಿತ್ತು. "ನನ್ನ ಜಾಗಕ್ಕೆ ಯಾರಾದರೂ ಬರ್ತಾರೆ" ಎಂದರು. ಯಾರೂ ಬರಲಿಲ್ಲ. ಜಾಹೀರಾತು ಕೊಟ್ಟರು, ಸಂದರ್ಶನಕ್ಕೆ ಒಬ್ಬರೂ ಬರಲಿಲ್ಲ. ಮತ್ತೆ ಕೊಟ್ಟರು, ಒಬ್ಬರು ಬಂದು ಶಿರಸಿಯ ಮಳೆಯನ್ನೂ ಮೂರು ತಾಲೂಕಿನ ನಕ್ಷೆಯನ್ನೂ ನೋಡಿ ಹೊರಟುಹೋದರು. ನಾನು ಸೂಜಿ ಹಾಕಬಲ್ಲೆ, ಆದರೆ ಹಾಕು ಎಂದು ಬರೆಯುವ ಅಧಿಕಾರ ನನಗಿಲ್ಲ. ಹಳೆಯ ಚೀಟಿಯ ಬಲದ ಮೇಲೆ ಎಷ್ಟು ದಿನ ಗಾಡಿ ಓಡೀತು?

ಆಗ ರಾಜಧಾನಿಯಿಂದ ಒಂದು ಆದೇಶ ಬಂತು. ಸರ್ಕಾರದಲ್ಲಿ ಮನೋವೈದ್ಯರು ಸಾಕಷ್ಟಿಲ್ಲದ್ದರಿಂದ ದೊಡ್ಡ ಊರುಗಳ ಖಾಸಗಿ ತಜ್ಞರನ್ನು ಗೌರವಧನ ಕೊಟ್ಟು ಕರೆಸುವುದು, ಅವರಿಗೆ ಅನುಕೂಲವಾಗುವಂತೆ ಎಲ್ಲ ತಾಲೂಕುಗಳಲ್ಲೂ ಶುಕ್ರವಾರವೇ ಕ್ಲಿನಿಕ್ಕು ನಡೆಸುವುದು. ನನಗೆ ಎಷ್ಟು ಖುಷಿಯಾಯಿತು ಎಂದರೆ ಆಸ್ಪತ್ರೆಯ ಎಲ್ಲರಿಗೂ ಚಹಾ ಕೊಡಿಸಿದೆ. ಹುಬ್ಬಳ್ಳಿಯಿಂದ ತಜ್ಞರು ಬಂದರು. ಒಳ್ಳೆಯ ಮನುಷ್ಯ, ಸಮಯಕ್ಕೆ ಸರಿಯಾಗಿ ಬರುವವರು. ಬಂದವರು ಖಾಲಿ ಬೆಂಚು ನೋಡಿಕೊಂಡು ಕೂತರು. ಇಡೀ ದಿನಕ್ಕೆ ಬಂದದ್ದು ಬೆರಳೆಣಿಕೆಯ ಜನ. ಮರುತಿಂಗಳೂ ಅಷ್ಟೇ.

ನನಗೆ ಪಿತ್ತ ನೆತ್ತಿಗೇರಿತು. ಡಾಕ್ಟರಿಲ್ಲ ಎಂದು ಅಳುತ್ತಿದ್ದವರು ಡಾಕ್ಟರು ಬಂದಾಗ ಎಲ್ಲಿ ಹೋದರು? ಒಂದು ದಿನ ಕೋಲಸಿರ್ಸಿಯಲ್ಲಿ ಬಸ್ಸು ಹತ್ತಿದ ನಮ್ಮ ಹಳೆಯ ರೋಗಿಯೊಬ್ಬರು ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. ಅಡಿಕೆ ವ್ಯಾಪಾರದ ಭಟ್ಟರು. ಬಿಡುತ್ತೇನೆಯೇ? ಇಳಿದ ಮೇಲೆ ಹಿಂದೆಯೇ ಹೋಗಿ ಹಿಡಿದೆ.

"ಯಾಕ್ರಿ, ಶುಕ್ರವಾರ ಬರಲಿಲ್ಲ? ಗುಳಿಗಿ ಯಾರು ನುಂಗಬೇಕ್ರಿ, ನಾನಾ?"

ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. "ಅಲ್ದೇ ಸಿಸ್ಟರೇ, ಶುಕ್ರವಾರ ಪ್ಯಾಟಿಗೆ ಹೊರಟ್ರೆ ಬಸ್ಸಲ್ಲಿ ಎಲ್ಲರೂ ಕೇಳ್ತ, ಎಂತಕ್ಕೆ ಹೋಗ್ತಾ ಇದ್ದೆ ಹೇಳಿ. ಆನು ಎಂತ ಹೇಳವು? ಸಂತೆ ದಿನ ಆದ್ರೆ ಯಾರೂ ಕೇಳ್ತ್ವಿಲ್ಲೆ."

ನಾನು ಬಸ್‌ಸ್ಟ್ಯಾಂಡಿನಲ್ಲಿ ಹಾಗೇ ನಿಂತೆ. ಇಲ್ಲಿಯ ಬಸ್ಸಿನಲ್ಲಿ ಎಂತಕ್ಕೆ ಪೇಟೆಗೆ ಎಂದು ಕೇಳುವುದು ಪತ್ತೇದಾರಿಕೆಯಲ್ಲ, ಮರ್ಯಾದೆ. ಕೇಳದಿದ್ದರೆ ಏನೋ ಸಿಟ್ಟಿದೆ ಎಂದು ಅರ್ಥ. ಏಳೆಂಟು ವರ್ಷ ಇವರ ನಡುವೆ ಇದ್ದು, ಇವರ ಹಪ್ಪಳ ತಿಂದು, ಸಂತೆ ದಿನದ ಬೆಲೆ ನನಗೆ ಹೊಳೆದೇ ಇರಲಿಲ್ಲ. ಬೆಂಗಳೂರಿನಲ್ಲಿ ಕೂತು ಶುಕ್ರವಾರ ಎಂದು ಬರೆದವರನ್ನು ಬೈಯಲು ನನಗೆ ಯಾವ ಮುಖವಿತ್ತು?

ಅಷ್ಟರಲ್ಲಿ ಇನ್ನೊಂದು ಪತ್ರ ಬಂತು. ಹಾಜರಾತಿ ಕಡಿಮೆ ಇರುವ ಕ್ಲಿನಿಕ್ಕುಗಳನ್ನು ಮುಚ್ಚಿ, ಸಿಬ್ಬಂದಿಯನ್ನು ಅಗತ್ಯವಿರುವ ಕಡೆಗೆ ಕಳಿಸಲಾಗುವುದು ಎಂದು. ಇರುವ ಜನ ಕಡಿಮೆ, ಅವರನ್ನು ಖಾಲಿ ಬೆಂಚಿನ ಮುಂದೆ ಕೂರಿಸುವುದು ಯಾಕೆ ಎಂಬ ಲೆಕ್ಕ. ಲೆಕ್ಕ ಸರಿಯೇ ಇತ್ತು. ಬೆಂಚು ಯಾಕೆ ಖಾಲಿ ಎಂದು ಕೇಳಲು ಅದರಲ್ಲಿ ಜಾಗ ಇರಲಿಲ್ಲ.

ರಿಜಿಸ್ಟರು ತೆರೆದು ಕೂತೆ. ಬಿಸಿಯೂಟದ ಅಕ್ಕನ ಸಾಲಿನಲ್ಲಿ ಎರಡು ಮನೆ ಖಾಲಿ. ಏಳು ವರ್ಷದಲ್ಲಿ ಮೊದಲ ಸಲ. ಶುಕ್ರವಾರ ಶಾಲೆ ಬಿಟ್ಟು ಬರಲು ಅವಳ ಹತ್ತಿರ ಯಾವ ನೆವವೂ ಇಲ್ಲ ಎಂಬುದು ಆಗ ತಲೆಗೆ ಹೋಯಿತು. ಮಾರನೇ ದಿನವೇ ಅವಳ ಅತ್ತೆಯ ಫೋನು.

"ಸಿಸ್ಟರೇ, ಸೊಸಿ ಅಕ್ಕಿ ತೊಳೂದು ನಿಲ್ಸೂದೇ ಇಲ್ಲ. ಏಳು ಸಲ, ಎಂಟು ಸಲ ತೊಳೀತಾಳೆ. ರಾತ್ರಿ ಮಲಗೂದಿಲ್ಲ. ಶಾಲೇಲಿ ಇನ್ನೂ ಯಾರಿಗೂ ಗೊತ್ತಾಗ್ಲಿಲ್ಲ. ಎಂತ ಮಾಡೂದ್ರಾ?"

ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ, ಒಳಗೆ ಬಂದಿಲ್ಲ. ಇವತ್ತೇ ಸೂಜಿ ಬಿದ್ದರೆ ತಡೆಯಬಹುದು. ಹುಬ್ಬಳ್ಳಿಯ ತಜ್ಞರಿಗೆ ಫೋನು ಮಾಡಿ, ಹಳೆಯ ಚೀಟಿ ಓದಿ ಹೇಳಿ, ಒಪ್ಪಿಗೆ ಪಡೆದೆ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಆಸ್ಪತ್ರೆಯಂಗಳದಲ್ಲಿ ನಮ್ಮ ಕಾರ್ಯಕ್ರಮದ ಗಾಡಿ ಅವತ್ತು ಖಾಲಿ ನಿಂತಿತ್ತು. ಚಾಲಕನನ್ನು ಎಬ್ಬಿಸಿ ಹೊರಟೇಬಿಟ್ಟೆ.

ಆ ಗಾಡಿಯ ಎರಡೂ ಬಾಗಿಲ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ "ಮಾನಸಿಕ ಆರೋಗ್ಯ ಕಾರ್ಯಕ್ರಮ" ಎಂದು ಬರೆದಿತ್ತು. ಅದನ್ನು ಸೀದಾ ಅವಳ ಮನೆಯ ಮುಂದೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ನಿಲ್ಲಿಸಿದೆ.

ಒಳಗೆ ಎಲ್ಲ ಚೆನ್ನಾಗಿಯೇ ಆಯಿತು. ಅಕ್ಕ ಮೊದಲು ಬೇಡ ಎಂದಳು, ಅತ್ತೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು, ಆಮೇಲೆ ತಾನೇ ಮಗ್ಗುಲಾದಳು. ಈ ಸಲ ಬಲಕ್ಕೆ. ನಿಧಾನವಾಗಿ ಒತ್ತಿದೆ. ಬೆಲ್ಲದ ಪಾನಕ ಕುಡಿದು ಹೊರಗೆ ಬಂದಾಗ ಬೇಲಿಯ ಆಚೆ ಐದಾರು ಹೆಂಗಸರು, ಅವರ ಸೆರಗು ಹಿಡಿದ ಮಕ್ಕಳು. ದೊಡ್ಡ ಹುಡುಗಿಯೊಬ್ಬಳು ಗಾಡಿಯ ಬಾಗಿಲ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ, ಕೂಡಿಸಿ ಕೂಡಿಸಿ ಓದುತ್ತಿದ್ದಳು.

ಮರುದಿನ ಮಧ್ಯಾಹ್ನ ಶಾಲೆಯ ಮುಖ್ಯ ಅಕ್ಕೋರು, ಅಂದರೆ ಹೆಡ್‌ಮೇಡಂ, ಫೋನು ಮಾಡಿದರು. ಅವತ್ತು ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು. ಹುಚ್ಚು ಇದ್ದವಳು ಸಾಂಬಾರಿಗೆ ಏನು ಹಾಕುತ್ತಾಳೋ ಯಾರಿಗೆ ಗೊತ್ತು ಎಂದು ಕೆಲವು ತಾಯಂದಿರು ಗಲಾಟೆ ಮಾಡಿದ್ದರು. ಶನಿವಾರ ಶಾಲಾ ಸಮಿತಿಯ ಸಭೆ. ಮಾನಸಿಕವಾಗಿ ಸರಿಯಿದ್ದಾಳೆ, ಅಡುಗೆ ಮಾಡಬಹುದು ಎಂದು ಡಾಕ್ಟರು ಬರೆದುಕೊಟ್ಟರೆ ಇರಲಿ, ಇಲ್ಲದಿದ್ದರೆ ಬೇರೆಯವರನ್ನು ನೋಡೋಣ ಎಂದು ಅಧ್ಯಕ್ಷರು ಹೇಳಿದ್ದರು.

"ನಂಗೂ ಅವಳು ಹೋಗೂದು ಇಷ್ಟ ಇಲ್ಲ ಸಿಸ್ಟರೇ. ಒಂದು ಕಾಗದ ತಂದುಕೊಡಿ, ಉಳ್ದದ್ದು ನಾನು ನೋಡ್ಕೊಳ್ತೆ" ಎಂದರು ಅಕ್ಕೋರು.

ಅವತ್ತು ನನಗೆ ನನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ ಊಟ ಸೇರಲಿಲ್ಲ. ಏಳು ವರ್ಷ ಅವಳು ಕಾಪಾಡಿಕೊಂಡು ಬಂದದ್ದನ್ನು ನಾನು ಅರ್ಧ ಗಂಟೆಯಲ್ಲಿ ಬೀದಿಗೆ ತಂದಿದ್ದೆ. ಗಾಡಿಯನ್ನು ಕಾನಸೂರಿನ ಪೇಟೆಯಲ್ಲೇ ಬಿಟ್ಟು ನಡೆದುಹೋಗಿದ್ದರೆ ಏನಾಗುತ್ತಿತ್ತು? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನವ್ವ ಸುಮ್ಮನೆ ಹೇಳುತ್ತಿರಲಿಲ್ಲ.

ಕಾಗದಕ್ಕಾಗಿ ಅಲೆದೆ. ಹುಬ್ಬಳ್ಳಿಯ ತಜ್ಞರು, "ನಾನು ಆಕೆಯನ್ನ ಒಂದು ಸಲಾನೂ ಕಣ್ಣಿಂದ ನೋಡಿಲ್ಲ, ಹೆಂಗ ಸಹಿ ಹಾಕ್ಲಿ?" ಎಂದರು. ನ್ಯಾಯವೇ. ಅವರು ಬರುವ ಮುಂದಿನ ಶುಕ್ರವಾರಕ್ಕೆ ಮೂರು ವಾರ ಇತ್ತು. ದೊಡ್ಡ ಡಾಕ್ಟರು ಈಗ ಈ ಜಿಲ್ಲೆಯವರಲ್ಲ. ಮಂಜೂರಾದ ಹುದ್ದೆ ಕಾಗದದ ಮೇಲೆ ಇತ್ತು, ಕುರ್ಚಿಯಲ್ಲಿ ಮನುಷ್ಯ ಇರಲಿಲ್ಲ. ಖಾಲಿ ಹುದ್ದೆ, ಖಾಲಿ ಹುದ್ದೆ ಎಂದು ಎಷ್ಟು ವರದಿಯಲ್ಲಿ ನಾನೇ ಬರೆದಿದ್ದೆ! ಒಬ್ಬ ಹೆಂಗಸಿನ ಅನ್ನ ಒಂದು ಸಹಿಗಾಗಿ ನಿಂತಾಗ ಅದರ ಅರ್ಥ ತಿಳಿಯಿತು.

ಉಳಿದದ್ದು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ. ಮತ್ತಿಘಟ್ಟದ ಕಡೆಯ ಹುಡುಗ, ಎಂಬಿಬಿಎಸ್ ಮುಗಿಸಿ ಎರಡು ವರ್ಷ. ಮಾನಸಿಕ ಕಾಯಿಲೆಗಳ ಬಗ್ಗೆ ಸರ್ಕಾರ ಕೊಟ್ಟ ತರಬೇತಿಗೆ ಹೋಗಿಬಂದಿದ್ದ, ಪ್ರಮಾಣಪತ್ರ ಗೋಡೆಯ ಮೇಲೆ ಇತ್ತು. ಆ ತರಬೇತಿಯಲ್ಲಿ ಕಲಿತದ್ದನ್ನು ಒಂದು ದಿನವೂ ಉಪಯೋಗಿಸಿರಲಿಲ್ಲ, ಅಂಥ ರೋಗಿಗಳನ್ನು ಚೀಟಿ ಬರೆದು ತಾಲೂಕು ಆಸ್ಪತ್ರೆಗೆ ಸಾಗಹಾಕುತ್ತಿದ್ದ.

ವಿಷಯ ಕೇಳಿ ಬೆವರಿದ. "ಎನ್ನ ಕೈಲಿ ಆಗ್ತಿಲ್ಲೆ ಸಿಸ್ಟರ್. ಆನು ತಜ್ಞ ಅಲ್ಲ. ನಾಳೆ ಎಂತಾದ್ರೂ ಆದ್ರೆ ಯಾರು ಉತ್ತರ ಹೇಳದು?"

"ಏನಾಗ್ತದ್ರಿ? ಏಳು ವರ್ಷ ಏನೂ ಆಗಿಲ್ಲ. ಆಗೋದಿದ್ರ ನೀವು ಕೈ ಕಟ್ಟಿ ಕುಂತಿದ್ದಕ್ಕ ಆಗ್ತದ" ಎಂದೆ. ನನ್ನ ದನಿ ಹೊರಗಿನ ಸಾಲಿನವರೆಗೆ ಕೇಳಿತೆಂದು ಕಾಣುತ್ತದೆ, ಒಬ್ಬಿಬ್ಬರು ಬಾಗಿಲಲ್ಲಿ ಇಣುಕಿದರು. ಹುಡುಗನ ಕಣ್ಣು ಕೆಂಪಾಯಿತು. ಅಯ್ಯೋ, ಇನ್ನೂ ಎಳಸು, ಇವನಿಗೆ ಯಾರು ಧೈರ್ಯ ಕಲಿಸಿದ್ದಾರೆ ಎನಿಸಿ ದನಿ ತಗ್ಗಿಸಿದೆ. "ನಾನೂ ತಪ್ಪು ಮಾಡೀನ್ರಿ ಡಾಕ್ಟ್ರ. ಅದನ್ನ ನಾನೊಬ್ಬಾಕಿ ತೊಳಿಯಾಕ ಆಗವಲ್ದು."

ದೊಡ್ಡ ಡಾಕ್ಟರಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಹತ್ತು ನಿಮಿಷ ಮಾತಾಡಿದರು. ಅತ್ತಲಿಂದ ಅವರು ಬಸ್ಸಿನ ಪಾಠವನ್ನೇ ಹೇಳುತ್ತಿದ್ದರು, ನನಗೆ ಒಂದೊಂದು ಮಾತೂ ಗುರುತು ಸಿಕ್ಕಿತು. ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು, ಕೈ ಬಿಗಿತ ಹೇಗೆ ನೋಡಬೇಕು, ಏನು ಬರೆಯಬೇಕು, ಏನು ಬರೆಯಬಾರದು. ಕೊನೆಗೆ, "ನಿನ್ನ ಕಣ್ಣಿಂದ ನೋಡು, ನೋಡಿದ್ದನ್ನೇ ಬರಿ. ಅಷ್ಟಕ್ಕೆ ತಜ್ಞ ಬೇಕಾಗಿಲ್ಲ" ಎಂದರು.

ಗುರುವಾರ ಆ ಕೇಂದ್ರದಲ್ಲಿ ಬಿಪಿ, ಶುಗರ್ ನೋಡುವ ದಿನ. ಅರ್ಧ ಊರೇ ಅಲ್ಲಿರುತ್ತದೆ, ಯಾಕೆ ಬಂದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಕ್ಕನೂ ಅತ್ತೆಯೂ ಅದೇ ಸಾಲಿನಲ್ಲಿ ಬಂದರು. ಸೂಜಿ ಬಿದ್ದು ಮೂರು ದಿನ ಆಗಿತ್ತು, ಜೊತೆಗೆ ಕೊಟ್ಟ ಮಾತ್ರೆಗೆ ನಿದ್ದೆ ಬಂದಿತ್ತು. ಹುಡುಗ ಒಳಗೆ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದ. ಅಡುಗೆಯ ಬಗ್ಗೆ ಕೇಳಿದ. ಇಷ್ಟು ಮಕ್ಕಳಿಗೆ ಎಷ್ಟು ಅಕ್ಕಿ, ಬೇಳೆ ಬೆಂದದ್ದು ಹೇಗೆ ನೋಡುತ್ತೀರಿ, ಸಿಲಿಂಡರು ಸೋರಿದರೆ ಮೊದಲು ಏನು ಮಾಡುತ್ತೀರಿ. ಎಲ್ಲದಕ್ಕೂ ಪಟಪಟನೆ ಉತ್ತರ. ಅಕ್ಕಿ ತೊಳೆಯುವ ವಿಷಯ ಬಂದಾಗ ಮಾತ್ರ ತಲೆ ತಗ್ಗಿಸಿ, "ಈಗ ಮೂರು ಸಲಕ್ಕೆ ನಿಲ್ಸಿದೆ" ಎಂದಳು.

ಆಮೇಲೆ ನಾನು ಅವಳನ್ನು ಹಿಂದಿನ ವರಾಂಡಕ್ಕೆ ಕರೆದೊಯ್ದು ಕಾಲು ಮುಟ್ಟುವುದೊಂದು ಬಾಕಿ ಎಂಬಂತೆ, ತಪ್ಪಾಯಿತು ಎಂದೆ. ಆಮೇಲೆ ನನ್ನ ಉಪಾಯ ಹೇಳಿದೆ. "ಥೈರಾಯ್ಡ್ ಅಂತ ಹೇಳೂಣು. ಗಾಡಿ ಬ್ಯಾರೆ ಯಾರದೋ ಮನಿಗೆ ಬಂದಿತ್ತು ಅನ್ನೂಣು. ಅಕ್ಕೋರೂ ಸುಮ್ಮನಿರ್ತಾರ."

ಅವಳು ತಲೆಯಾಡಿಸಿದಳು. "ಬ್ಯಾಡ ಸಿಸ್ಟರೇ. ಅಷ್ಟು ವರ್ಷ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಯ್ತು. ಈಗ ಮತ್ತೆ ಹೊಸ ಸುಳ್ಳು ಕಲ್ತುಕೊಳ್ಳೂದಾ? ನಾನೇ ಹೇಳ್ತೆ. ನೀವು ಹಿಂದೆ ಕೂತ್ಕೊಳ್ಳಿ, ಮಾತಾಡಬ್ಯಾಡಿ. ನೀವು ಮಾತಾಡಿದ್ರೆ ಜಗಳ ಆಗ್ತದೆ."

ಶನಿವಾರ ಶಾಲೆಯ ಜಗಲಿಯಲ್ಲಿ ಸಭೆ. ಡಾಕ್ಟರ ಹುಡುಗ ಕರೆಯದೆಯೇ ಬಂದಿದ್ದ. ಕಾಗದವನ್ನು ಅಧ್ಯಕ್ಷರ ಕೈಗೆ ಕೊಟ್ಟ. ಆಕೆಗೆ ಒಂದು ದೀರ್ಘಕಾಲದ ಕಾಯಿಲೆ ಇದೆ, ಚಿಕಿತ್ಸೆ ನಡೆಯುತ್ತಿದೆ, ಇಂಥ ದಿನ ಪರೀಕ್ಷಿಸಿದ್ದೇನೆ, ಈಗ ಅಡುಗೆ ಕೆಲಸಕ್ಕೆ ಅಡ್ಡಿಯಿಲ್ಲ, ಪ್ರತಿ ತಿಂಗಳು ನಾನೇ ನೋಡುತ್ತೇನೆ ಎಂದು ಬರೆದು ಸಹಿ ಹಾಕಿದ್ದ. ಆದರೂ ಗುಸುಗುಸು ನಿಲ್ಲಲಿಲ್ಲ. ಒಬ್ಬಾಕೆ ಎದ್ದು, "ಕಾಗದ ಇದ್ರೆ ಆಯ್ತಾ? ನಾಳೆ ತಲೆ ಕೆಟ್ರೆ ನಮ್ಮ ಮಕ್ಳ ಗತಿ ಎಂತ?" ಎಂದಳು. ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ಅತ್ತೆ ನನ್ನ ತೊಡೆ ಚಿವುಟಿದರು.

ಅಕ್ಕ ಎದ್ದು ನಿಂತಳು.

"ನಂಗೆ ಆ ಕಾಯಿಲೆ ಇದ್ದದ್ದು ಹೌದು. ಇವತ್ತೂ ಅದೆ. ತಿಂಗಳಿಗೊಂದು ಸೂಜಿ ಹಾಕಿಸ್ಕೊಳ್ತೆ, ನಿಮ್ಮ ಮನೆಯವ್ರು ಬಿಪಿ ಗುಳಿಗೆ ತಗೊಂಡ ಹಾಗೆ. ಏಳು ವರ್ಷ ನಿಮ್ಮ ಮಕ್ಳು ನನ್ನ ಕೈಯ ಅನ್ನ ಉಂಡಿದ್ದಾರೆ. ಯಾವತ್ತಾದ್ರೂ ಒಂದು ಮಗಿಗೆ ಹೊಟ್ಟೆನೋವು ಬಂದಿದ್ರೆ ಹೇಳಿ, ಈಗ್ಲೇ ಬೀಗದಕೈ ಇಟ್ಟು ಹೋಗ್ತೆ."

ಮುಖ್ಯ ಅಕ್ಕೋರು ಎದ್ದು, ತಾವು ದಿನವೂ ಮಕ್ಕಳಿಗಿಂತ ಮೊದಲು ಆ ಅಡುಗೆ ಉಂಡು ಪುಸ್ತಕದಲ್ಲಿ ರುಚಿ ಬರೆಯುವುದನ್ನು ನೆನಪು ಮಾಡಿದರು. ಅಧ್ಯಕ್ಷರು ತುಂಬ ಹೊತ್ತು ಕಾಗದ ನೋಡಿ, "ಅಡ್ಡಿಲ್ಲೆ. ಡಾಕ್ಟರು ತಿಂಗ್ಳು ತಿಂಗ್ಳು ನೋಡ್ತೆ ಹೇಳಿ ಬರ್ದಿದ್ದ. ನೋಡ್ವ" ಎಂದರು. ಸಂತೋಷಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡು ಮನೆಯವರು ಆ ವರ್ಷ ಪೂರ್ತಿ ಮಕ್ಕಳಿಗೆ ಡಬ್ಬಿಯನ್ನೇ ಕಳಿಸಿದರು. ಆದರೆ ಸೋಮವಾರ ಬೀಗ ತೆಗೆದು ಒಲೆ ಹಚ್ಚಿದವಳು ಅವಳೇ.

ಅದಾಗಿ ಕೆಲವೇ ವಾರಕ್ಕೆ ಶಿರಸಿಯಲ್ಲಿ ಒಂದು ಸಭೆ ಆಯಿತು. ಮಾನಸಿಕ ಆರೋಗ್ಯಕ್ಕೆ ಸಿಬ್ಬಂದಿಯೇ ಸಿಗುತ್ತಿಲ್ಲ, ಏನು ಮಾಡಬೇಕು ಎಂದು ಕೇಳಲು ಬೆಂಗಳೂರಿನಿಂದ ತಂಡ ಬಂದಿತ್ತು. ಎಲ್ಲರೂ ಹುದ್ದೆ ಕೇಳಿದರು, ಸಂಬಳ ಹೆಚ್ಚಿಸಿ ಎಂದರು, ಗುಡ್ಡಗಾಡಿಗೆ ಬರುವ ವೈದ್ಯರಿಗೆ ಮನೆ ಕೊಡಿ ಎಂದರು. ಎಲ್ಲವೂ ಬೇಕಾದದ್ದೇ. ನನ್ನ ಸರದಿ ಬಂದಾಗ ನಾನು ಕ್ಲಿನಿಕ್ಕಿನ ಹಾಜರಾತಿ ನಮೂನೆಯ ಬೆನ್ನಿನ ಮೇಲೆ ಬರೆದುಕೊಂಡು ಹೋದದ್ದನ್ನು ಓದಿದೆ. ಶುಕ್ರವಾರ ಯಾಕೆ ಯಾರೂ ಬರುವುದಿಲ್ಲ ಎಂಬುದನ್ನು ಹೇಳಿದೆ. ಗಾಡಿಯಲ್ಲಿ ಹೋದ ನನ್ನ ತಪ್ಪನ್ನೂ ಬಿಡದೆ ಹೇಳಿದೆ. ಅವಳ ಹೆಸರು, ಊರು ಹೇಳಲಿಲ್ಲ. ತಜ್ಞರು ಬರುವವರೆಗೆ, ತರಬೇತಾದ ಹಳ್ಳಿ ಡಾಕ್ಟರೇ ಹಳೆಯ ರೋಗಿಗಳನ್ನು ಮುಂದುವರಿಸಲಿ, ಅಲ್ಲಿಯ ನರ್ಸುಗಳೇ ಸೂಜಿ ಹಾಕಲಿ, ಅನುಮಾನ ಬಂದರೆ ತಜ್ಞರಿಗೆ ಫೋನು ಮಾಡಲಿ, ಕ್ಲಿನಿಕ್ಕಿನ ದಿನವನ್ನು ಆಯಾ ಊರೇ ಆರಿಸಲಿ ಎಂದೆ.

ತಂಡದ ಮುಖ್ಯಸ್ಥೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆ ವೈದ್ಯರು ಯಾವ ಆದೇಶದ ಮೇಲೆ ಸಹಿ ಹಾಕಿದರು?"

ಹಿಂದಿನ ಸಾಲಿನಲ್ಲಿ ಆ ಹುಡುಗ ಕೂತಿದ್ದ.

"ಯಾವ ಆದೇಶಾನೂ ಇಲ್ರಿ ಮೇಡಂ" ಎಂದೆ. "ಅದನ್ನ ಕೊಡ್ರಿ ಅಂತ ಕೇಳಾಕ ಬಂದೀನಿ."

ಅವರು ನಗಲಿಲ್ಲ, ಬೈಯಲೂ ಇಲ್ಲ. ನಮೂನೆಯನ್ನು ಕೇಳಿ ತೆಗೆದುಕೊಂಡು ತಮ್ಮ ಫೈಲಿನಲ್ಲಿ ಇಟ್ಟುಕೊಂಡರು. ಅಲ್ಲಿಂದ ಎಷ್ಟೋ ತಿಂಗಳು ಉಸಿರು ಬಿಗಿಹಿಡಿದಿದ್ದೆವು, ಹುಡುಗನಿಗೆ ನೋಟೀಸು ಬರುತ್ತದೋ ಎಂದು. ಬಂದದ್ದು ಹೊಸ ಆದೇಶ. ನಾನು ಕೇಳಿದ್ದೆಲ್ಲ ಅದರಲ್ಲಿ ಇರಲಿಲ್ಲ, ಸಂತೆ ಎಂಬ ಮಾತಂತೂ ಇರಲೇ ಇಲ್ಲ. ಆದರೆ ಕ್ಲಿನಿಕ್ಕಿನ ದಿನದ ಬಗ್ಗೆ "ಸ್ಥಳೀಯ ಅನುಕೂಲಕ್ಕೆ ತಕ್ಕಂತೆ" ಎಂಬ ಮೂರು ಪದ ಇದ್ದವು. ತರಬೇತಿ ಪಡೆದ ವೈದ್ಯಾಧಿಕಾರಿಗಳು ಚಿಕಿತ್ಸೆ ಮುಂದುವರಿಸಬಹುದು ಎಂದೂ ಇತ್ತು. ಡಾಕ್ಟರ ಹುಡುಗ ಅದನ್ನು ಮೂರು ಸಲ ಓದಿ, "ಇನ್ನು ಬೆವರದು ಬ್ಯಾಡ" ಎಂದ.

ಕೆಲಸ ಹಳ್ಳಿ ಕೇಂದ್ರಗಳಿಗೆ ಹಂಚಿಹೋದ ಮೇಲೆ ಸಿದ್ದಾಪುರಕ್ಕೆ ನನ್ನ ಅಗತ್ಯ ಕಡಿಮೆಯಾಯಿತು. ನನ್ನನ್ನು ಯಲ್ಲಾಪುರಕ್ಕೆ ಹಾಕಿದರು, ಕೇಂದ್ರದ ನರ್ಸುಗಳಿಗೆ ಕಲಿಸುವ ಕೆಲಸ. ನಾನೇ ಕೇಳಿ ತಂದ ಆದೇಶ ನನ್ನನ್ನೇ ಎತ್ತಿ ಹೊರಗಿಟ್ಟಿತು ಎಂದು ಗೆಳತಿಯರು ನಕ್ಕರು. ನಾನೂ ನಕ್ಕೆ. ಆದರೆ ಆ ಉದ್ದನೆಯ ಕೋಣೆಗೆ ಬೀಗ ಹಾಕುವ ದಿನ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಮನುಷ್ಯರಿಗೆ ಒಳ್ಳೆಯದಾದರೂ ದುಃಖವಾಗುತ್ತದೆ, ಏನು ಮಾಡುವುದು?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಿಸಿಯೂಟದ ಅಕ್ಕ ಫೋನು ಮಾಡಿದಳು. ಹಿಂದೆ ಮಕ್ಕಳ ಗಲಾಟೆ, ತಟ್ಟೆ ಬಡಿಯುವ ಸದ್ದು.

"ಸಿಸ್ಟರೇ, ನಮ್ಮೂರಲ್ಲಿ ಒಬ್ಳು ಇದ್ದಾಳೆ. ಹೆರಿಗೆ ಆಗಿ ತಿಂಗ್ಳಾಯ್ತು, ಮಗೂನ ಮುಟ್ಟೂದಿಲ್ಲ, ಗೋಡೆ ನೋಡ್ಕೊಂಡು ಕೂತಿರ್ತಾಳೆ. ಅವ್ಳ ಅವ್ವಿ ನಿನ್ನೆ ಅಡುಗೆಕೋಣೆ ಹಿಂದೆ ಬಂದು ನನ್ನ ಹತ್ರ ಅತ್ತಳು. ನಾಡಿದ್ದು ಗುರುವಾರ ಬಿಪಿ ಸಾಲಲ್ಲಿ ನಾನೇ ಕರ್ಕೊಂಡು ಹೋಗ್ತೆ. ಮಗಿಗೆ ಹಾಲು ಕುಡ್ಸ್ತಾ ಇದ್ರೆ ಯಾವ ಗುಳಿಗೆ ಕೊಡೂಕಾಗೂದಿಲ್ಲ ಅಂತ ಡಾಕ್ಟ್ರಿಗೆ ಮೊದ್ಲೇ ಹೇಳಿಡಿ."

"ಹೇಳ್ತೀನಿ, ಈಗ್ಲೇ ಹೇಳ್ತೀನಿ" ಎಂದೆ. "ಯಾರ್ ಮನಿ ಹುಡುಗಿ ಅಕ್ಕಾ? ಹೆಸರೇನು?"

ಅವಳು ಮಕ್ಕಳಿಂದ ಆಚೆ ಸರಿದಳೆಂದು ಕಾಣುತ್ತದೆ, ತಟ್ಟೆಯ ಸದ್ದು ದೂರವಾಯಿತು.

"ಅವತ್ತು ಶಾಲೆ ಮೀಟಿಂಗಲ್ಲಿ ಇದ್ದವ್ರ ಮನೆಯವ್ಳೇ. ಹೆಸ್ರು ನಾನು ಹೇಳೂದಿಲ್ಲ ಸಿಸ್ಟರೇ. ಅದು ಅವ್ಳೇ ಡಾಕ್ಟ್ರಿಗೆ ಹೇಳ್ಲಿ."

ನಾನು ಮತ್ತೆ ಕೇಳಲಿಲ್ಲ.